ಹೊಂಡದ ತಳಕ್ಕೆ ಯಾವ ಮಣ್ಣು?

ಕಳೆದ ಮಹಾಸಭೆಯಲ್ಲಿ ಕೆಲವು ಸದಸ್ಯರು ಮಂಡಿಸಿದ ಒಂದು ಸೂಚನೆಯ ಬಗ್ಗೆ ಈ ಪುಟದಲ್ಲಿ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳಬೇಕಾಗಿದೆ. ಕಾಫಿ ಪಲ್ಪಿಂಗ್ ನೀರು ಮತ್ತು ಅಡಿಕೆ ಚೊಗರು ನಿಲ್ಲಿಸುವ ನಮ್ಮ ಹೊಂಡಗಳು ಸೋರುತ್ತಿವೆ, ಆದ್ದರಿಂದ ಸಂಘವು ಬೆಂಟೊನೈಟ್ ಪುಡಿಯನ್ನು ಲಾರಿಗಟ್ಟಲೆ ತರಿಸಿ ಲಾಭವಿಲ್ಲದ ದರದಲ್ಲಿ ಸದಸ್ಯರಿಗೆ ಹಂಚಬೇಕು ಎಂಬುದು ಆ ಸೂಚನೆ. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಕಾರ್ಯದರ್ಶಿಯಾಗಿ ನಾವು ಆ ದಿನ ಬಾಯಿ ಬಿಡಲಿಲ್ಲ. ಬಿಡದಿದ್ದುದಕ್ಕೆ ಕಾರಣವೂ ಇದೆ. ಆ ಪುಡಿಯ ಸುದ್ದಿಯನ್ನು ಊರಿಗೆ ಮೊದಲು ತಂದವರು ನಾವೇ.

ಪಲ್ಪರಿನ ಒಂದು ಎರಕದ ಭಾಗ ಮುರಿದಿತ್ತು. ಅದನ್ನು ಮಾಡಿಸಲು ಕಲಘಟಗಿ ಮಾರ್ಗವಾಗಿ ಧಾರವಾಡಕ್ಕೆ ಹೋಗಿ, ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡಿನಿಂದ ಶೆಡ್ಡಿಗೆ ಅಲೆದೆವು. ಒಂದು ಶೆಡ್ಡಿನ ಎದುರು ಬೂದು ಪುಡಿಯ ಚೀಲಗಳನ್ನು ಪೇರಿಸಿಟ್ಟಿದ್ದರು. ಎರಕ ಹೊಯ್ಯುವ ಅಚ್ಚಿನ ಮರಳು ಉದುರದಂತೆ ಹಿಡಿದು ನಿಲ್ಲಿಸಲು ಅದನ್ನು ಕಲಸುತ್ತಾರಂತೆ. ನಮ್ಮಲ್ಲಿ ಟಿ.ಸಿ. ಪಕ್ಕದ ಅರ್ಥಿಂಗ್ ಗುಂಡಿಗೆ ತುಂಬುವ ಪುಡಿಯೂ ಇದೇ. ಕೆಲಸಗಾರನೊಬ್ಬ ಒಂದು ಹಿಡಿ ಪುಡಿಯನ್ನು ಚಹದ ಲೋಟದ ನೀರಿಗೆ ಉದುರಿಸಿ ತೋರಿಸಿದ. ಕಾಮಕಸ್ತೂರಿ ಬೀಜ ಉಬ್ಬುವಂತೆ ಉಬ್ಬಿ, ಸ್ವಲ್ಪ ಹೊತ್ತಿನಲ್ಲಿ ಲೋಟದೊಳಗೆ ಲೋಳೆಯಾಗಿ ಕುಳಿತಿತು. ಲೋಟ ಬೋರಲು ಮಾಡಿದರೂ ಬೀಳಲೊಲ್ಲದು. ಇದನ್ನು ಹೊಂಡದ ತಳಕ್ಕೆ ಹಾಕಿದರೆ ಹನಿ ನೀರೂ ಇಳಿಯದಲ್ಲ ಎಂದು ನಮಗೂ ಅನಿಸಿತು. ಊರಿಗೆ ಬಂದು ನಾಲ್ಕು ಜನರೆದುರು ಹೇಳಿದೆವು. ಸೂಚನೆ ಹುಟ್ಟಿದ್ದು ಹಾಗೆ.

ಅದೇ ದಿನ ಅಲ್ಲಿಯೇ ಕಂಡ ಇನ್ನೊಂದು ನೋಟವನ್ನು ನಾವು ಆಗ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಮಾರ್ಚ್ ತಿಂಗಳ ಬಿಸಿಲು. ರಸ್ತೆ ಬದಿಯಲ್ಲಿ ಪೈಪಿಗಾಗಿ ತೋಡಿದ ಕಾಲುವೆಯಲ್ಲಿ ಎರೆಮಣ್ಣು ಮೇಲಿಂದ ಕೆಳಗಿನವರೆಗೆ ಸೀಳಿ ನಿಂತಿತ್ತು. ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತಿತ್ತು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಊರು ಧಾರವಾಡ. ಪಶ್ಚಿಮಕ್ಕೆ ಕೆಂಪು ಮಣ್ಣು, ಪೂರ್ವಕ್ಕೆ ನವಲಗುಂದದ ಕಡೆ ಹೋದಂತೆ ಕಪ್ಪು ಎರೆ. ಎರೆಮಣ್ಣಿನ ಜೇಡಿಯೂ ಆ ಚೀಲದ ಪುಡಿಯ ಜೇಡಿಯೂ ಒಂದೇ ಕುಲ. ಎರಡಕ್ಕೂ ವಿಜ್ಞಾನಿಗಳು ಹೇಳುವ ಹೆಸರು ಮಾಂಟ್‌ಮೊರಿಲೊನೈಟ್. ಹಸಿಯಿದ್ದಾಗ ಉಬ್ಬಿ ಬಿಗಿಯುವುದು ಅದರ ಗುಣ, ಒಣಗಿದಾಗ ಕುಗ್ಗಿ ಸೀಳುವುದೂ ಅದೇ ಗುಣ.

ಈ ಎರಡನೆಯ ಗುಣಕ್ಕೆ ನಾವು ದಂಡ ತೆತ್ತಿದ್ದೇವೆ. ಪುಡಿಗೆ ದುಡ್ಡೇಕೆ ಸುರಿಯಬೇಕು, ಎರೆಮಣ್ಣೇ ಸಾಲದೆ ಎಂದು ಆ ಬೇಸಿಗೆಯಲ್ಲಿ ಬಯಲುಸೀಮೆಯಿಂದ ಟಿಪ್ಪರಿನಲ್ಲಿ ಎರೆ ತರಿಸಿ, ನಮ್ಮ ಹೊಂಡದ ತಳಕ್ಕೆ ಒಂದು ಅಡಿ ಹಾಸಿದೆವು. ಡಿಸೆಂಬರ್, ಜನವರಿಯಲ್ಲಿ ಹೊಂಡ ಚೆನ್ನಾಗಿಯೇ ನಿಂತಿತು. ಏಪ್ರಿಲಿನಲ್ಲಿ ಒಣಗಿ ಆಮೆ ಚಿಪ್ಪಿನಂತೆ ಒಡೆಯಿತು. ಆಗ ಒಬ್ಬ ಗುತ್ತಿಗೆದಾರರು ಸುಣ್ಣ ಕಲಸಿರೆಂದರು. ಎರೆಮಣ್ಣಿನ ರಸ್ತೆಗೆ ಹಾಗೆಯೇ ಮಾಡುತ್ತಾರೆ, ಬಿರುಕು ನಿಲ್ಲುತ್ತದೆ ಎಂದರು. ಮಾಡಿದೆವು, ಬಿರುಕು ನಿಂತಿತು. ಮುಂದಿನ ಹಂಗಾಮಿನಲ್ಲಿ ಹೊಂಡ ಮೊದಲಿಗಿಂತ ಬೇಗ ಬರಿದಾಯಿತು. ನೀರು ಆರುತ್ತಿದೆಯೆಂದು ನಾವು ಸಂತೋಷಪಡುತ್ತಿದ್ದಾಗ, ಕೆಳಗಿನ ತೋಟದ ಯಜಮಾನರು ಒಂದು ಬೆಳಿಗ್ಗೆ ತಂಬಿಗೆಯಲ್ಲಿ ನೀರು ಹಿಡಿದು ಬಂದು ಜಗಲಿಯ ಮೇಲಿಟ್ಟು, "ಭಾವಯ್ಯ, ಬಾವಿ ನೀರು ಕುಡಿಯಲೆ ಬತ್ತಿಲ್ಲೆ" ಎಂದರು. ಬೇರೆ ಮಾತಾಡಲಿಲ್ಲ. ನೀರಿಗೆ ಬಣ್ಣ ಬಂದಿತ್ತು, ಹುಳಿ ವಾಸನೆಯಿತ್ತು. ಎರಡು ಮಳೆಗಾಲ ಕಳೆಯುವವರೆಗೆ ಅವರ ಮನೆಗೆ ನಮ್ಮ ಕೊಳವೆ ಬಾವಿಯಿಂದ ಪೈಪು ಹಾಕಿಸಿ ನೀರು ಕೊಟ್ಟೆವು. ಮಾತು ಮೊದಲಿನಂತಾಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ರಸ್ತೆಗೆ ಒಳ್ಳೆಯದಾದ ಸುಣ್ಣ ಹೊಂಡಕ್ಕೆ ಏಕೆ ಆಗಲಿಲ್ಲ ಎಂಬುದನ್ನು ತಿಳಿಯಲು ನಮಗೆ ಪುಸ್ತಕ ಬೇಕಾಗಲಿಲ್ಲ. ಬಯಲುಸೀಮೆಯ ರೈತನಿಗೆ ಗೊತ್ತಿರುವ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕಿತ್ತು.

ಮೊದಲನೆಯದು ಚೌಳು ಮಣ್ಣು. ಬಳ್ಳಾರಿ, ರಾಯಚೂರು ಸೀಮೆಯ ಹಳೆಯ ಮಾಳಿಗೆ ಮನೆಗಳ ಮೇಲೆ ಚೌಳು ಮಣ್ಣನ್ನು ಹಾಸಿ ಬಡಿಯುತ್ತಿದ್ದರು. ಬೆಳೆಗೆ ಬಾರದ ಮಣ್ಣು ಮಾಳಿಗೆ ಸೋರದಂತೆ ಕಾಯುತ್ತಿತ್ತು. ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಸೋಡಿಯಂ ಇದ್ದಲ್ಲಿ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಸಂದುಗಳಲ್ಲೆಲ್ಲ ತುಂಬಿಕೊಳ್ಳುತ್ತವೆ. ನೀರಿಗೆ ದಾರಿ ಇರುವುದಿಲ್ಲ. ಎರಡನೆಯದು ಅದೇ ಚೌಳು ಭೂಮಿಯನ್ನು ಸುಧಾರಿಸಲು ಹಾಕುವ ಜಿಪ್ಸಂ. ಜಿಪ್ಸಮ್ಮಿನಲ್ಲಿರುವುದು ಕ್ಯಾಲ್ಸಿಯಂ. ಅದು ಸೋಡಿಯಮ್ಮನ್ನು ಹೊರದೂಡಿ ತಾನು ಕುಳಿತರೆ ಜೇಡಿಯ ಕಣಗಳು ಮುದ್ದೆಗಟ್ಟಿ, ಮುದ್ದೆಗಳ ನಡುವೆ ಸಂದು ಬಿಟ್ಟು, ನೀರು ಕೆಳಗಿಳಿಯುತ್ತದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಜೌಗು, ಸವಳು ಕಂಡ ಹೊಲಗಳ ರೈತರಿಗೆ ಇದು ಹೊಸದಲ್ಲ. ಸುಣ್ಣವೂ ಕ್ಯಾಲ್ಸಿಯಮ್ಮೇ. ನೀರು ಇಳಿಯಲೆಂದು ಹೊಲಕ್ಕೆ ಮಾಡುವ ಉಪಚಾರವನ್ನು, ನೀರು ಇಳಿಯಬಾರದ ಹೊಂಡಕ್ಕೆ ನಾವು ಮಾಡಿದ್ದೆವು. ಸುಣ್ಣ ಕಲಸಿದ ಮಣ್ಣು ಕಾಲಕ್ರಮದಲ್ಲಿ ಗಾರೆಯಂತೆ ಗಟ್ಟಿಯಾಗಿ ಸಂದುಗಳು ಸ್ವಲ್ಪ ಮುಚ್ಚಿಕೊಳ್ಳುವುದುಂಟು. ಆದರೆ ಕಾಫಿ ನೀರಿನ ಹುಳಿ ಆ ಗಾರೆಯನ್ನೂ ತಿನ್ನುತ್ತದೆ.

ಈಗ ಬೆಂಟೊನೈಟಿಗೆ ಬರೋಣ. ಅಮೆರಿಕದ ಫೋರ್ಟ್ ಬೆಂಟನ್ ಎಂಬ ಊರಿನ ಹೆಸರಿನಿಂದ ಬಂದ ಈ ಜೇಡಿ ನಮ್ಮ ದೇಶದಲ್ಲಿ ಮುಖ್ಯವಾಗಿ ಗುಜರಾತಿನ ಕಚ್ಛ್, ರಾಜಸ್ಥಾನದ ಬಾಡಮೇರ್ ಕಡೆ ಸಿಗುತ್ತದೆ. ಲೋಟದಲ್ಲಿ ಲೋಳೆಯಾಗಿ ನಿಂತದ್ದು ಸೋಡಿಯಂ ಜಾತಿಯ ಬೆಂಟೊನೈಟ್. ಕ್ಯಾಲ್ಸಿಯಂ ಜಾತಿಯದೂ ಇದೆ, ಅದು ಅಷ್ಟು ಉಬ್ಬುವುದಿಲ್ಲ. ಚೀಲದ ಮೇಲೆ ಎರಡಕ್ಕೂ ಒಂದೇ ಹೆಸರು ಇರಬಹುದು. ಸೋಡಿಯಂ ಜಾತಿಯದನ್ನೇ ನೋಡಿ ತಂದೆವೆಂದೇ ಇಟ್ಟುಕೊಳ್ಳೋಣ. ನಮ್ಮ ಹೊಂಡಕ್ಕೆ ಬರುವ ನೀರು ಯಾವುದು? ಪಲ್ಪಿಂಗ್ ನೀರು ಹುಳಿ, ಅದರ ಪಿ.ಎಚ್. 4ರ ಆಸುಪಾಸು. ಅದನ್ನು ಸರಿಪಡಿಸಲು ನಾವೆಲ್ಲರೂ ಹಾಕುವುದು ಸುಣ್ಣ. ಸುಣ್ಣ ಹಾಕಿದ ನೀರಿನ ತುಂಬ ಕ್ಯಾಲ್ಸಿಯಂ. ದುಡ್ಡು ಕೊಟ್ಟು ತಂದ ಸೋಡಿಯಂ ಜೇಡಿಯನ್ನು ಹಂಗಾಮಿಗೊಮ್ಮೆ ನಾವೇ ಸುಣ್ಣದ ನೀರಿನಲ್ಲಿ ನೆನೆಸಿ, ಕ್ಯಾಲ್ಸಿಯಂ ಜೇಡಿಯನ್ನಾಗಿ ಮಾಡುತ್ತಾ ಹೋಗುತ್ತೇವೆ. ಮೊದಲ ವರ್ಷ ಹೊಂಡ ನಿಂತೀತು, ಎರಡನೆಯ ವರ್ಷವೂ ನಿಂತೀತು. ಸೋರತೊಡಗಿದಾಗ ಸಂಘದ ಪುಡಿ ಕಳಪೆ ಎಂಬ ಮಾತು ಬರುತ್ತದೆ. ನಮ್ಮ ಹೆದರಿಕೆ ಆ ಮಾತಿನದಲ್ಲ, ಮಾತು ಬರುವುದರೊಳಗೆ ಕೆಳಗಿನ ಬಾವಿಗೆ ಇಳಿದುಹೋಗಿರುವ ನೀರಿನದು.

ಅಡಿಕೆಯ ಚೊಗರಿನ ಕಥೆಯೇ ಬೇರೆ. ಅದರಲ್ಲಿರುವ ಟ್ಯಾನಿನ್ನಿಗೂ ಬೆಂಟೊನೈಟಿಗೂ ಹಳೆಯ ನಂಟಿದೆ. ತೈಲ ಬಾವಿ ಕೊರೆಯುವವರು ಬೆಂಟೊನೈಟ್ ಕೆಸರು ಅತಿಯಾಗಿ ಗಟ್ಟಿಯಾದಾಗ ಅದನ್ನು ತೆಳುಗೊಳಿಸಲು ಮರದ ತೊಗಟೆ, ಕಾಂಡಗಳಿಂದ ತೆಗೆದ ಟ್ಯಾನಿನ್ನನ್ನೇ ಬೆರೆಸುತ್ತಿದ್ದರು. ಎಂದರೆ ಚೊಗರು ಹೊಂಡದಲ್ಲಿ ಸುಮ್ಮನೆ ನಿಲ್ಲುವ ನೀರಲ್ಲ, ತಳದ ಜೇಡಿಯೊಡನೆ ವ್ಯವಹಾರ ಮಾಡುವ ದ್ರವ. ಒಂದೇ ಮಣ್ಣು ಕಾಫಿ ನೀರಿಗೆ ಒಂದು ರೀತಿ, ಚೊಗರಿಗೆ ಇನ್ನೊಂದು ರೀತಿ, ಬಾವಿಯ ನೀರಿಗೆ ಮತ್ತೊಂದು ರೀತಿ ನಡೆದುಕೊಳ್ಳುತ್ತದೆ. 1980ರ ದಶಕದ ಮೊದಲಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ಕಾರ್ಖಾನೆಯ ತ್ಯಾಜ್ಯ ನಿಲ್ಲಿಸುವ ಜೇಡಿಮಣ್ಣನ್ನು ಪರೀಕ್ಷಿಸಿದಾಗ, ನೀರಿಗೆ ಬಿಗಿಯಾಗಿದ್ದ ಮಣ್ಣೇ ಗಟ್ಟಿ ರಾಸಾಯನಿಕ ದ್ರಾವಕಗಳಿಗೆ ನೂರು ಪಟ್ಟು, ಸಾವಿರ ಪಟ್ಟು ಹೆಚ್ಚು ದಾರಿ ಬಿಟ್ಟುಕೊಟ್ಟಿತು. ನಮ್ಮ ಪಲ್ಪಿಂಗ್ ನೀರು ಅಂಥ ದ್ರಾವಕವಲ್ಲ, ಅಷ್ಟು ಗಾಬರಿ ಬೇಡ. ಆದರೆ ಅಲ್ಲಿಂದೀಚೆಗೆ ಮಣ್ಣನ್ನು ನಲ್ಲಿ ನೀರಿನಲ್ಲಿ ಪರೀಕ್ಷಿಸಿ ತೃಪ್ತಿಪಡುವುದು ಸಾಲದೆಂಬುದು ಇಂಜಿನಿಯರುಗಳಿಗೆ ಮನವರಿಕೆಯಾಗಿದೆ. ನಮಗೂ ಆಗಬೇಕು.

ಎಷ್ಟು ಬಿಗಿ ಬೇಕು ಎಂದು ಕೇಳುವವರಿಗೆ ಒಂದು ಲೆಕ್ಕ. ಊರಿನ ಕಸ ಹೂಳುವ ಜಾಗಗಳಿಗೆ ಕೇಂದ್ರ ಸರ್ಕಾರವು 2000ದಲ್ಲಿ, ಮತ್ತೆ 2016ರಲ್ಲಿ ಮಾಡಿದ ನಿಯಮಗಳಲ್ಲಿ, ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಮತ್ತು ಅದರ ಕೆಳಗೆ 90 ಸೆಂಟಿಮೀಟರ್ ಜೇಡಿಮಣ್ಣು ಅಥವಾ ಬೇರೆ ವಸ್ತು ಬೆರೆಸಿ ಸುಧಾರಿಸಿದ ಮಣ್ಣು ಇರಬೇಕೆಂದು ಹೇಳಿತ್ತು. ಆ ಮಣ್ಣಿನಲ್ಲಿ ನೀರು ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗಕ್ಕಿಂತ ವೇಗವಾಗಿ ಹರಿಯಬಾರದು. ಇದು ಕಣ್ಣಿಗೆ ಕಾಣುವ ಸಂಖ್ಯೆಯಲ್ಲವಾದ್ದರಿಂದ ನಮ್ಮ ಅಳತೆಗೆ ಇಳಿಸೋಣ. ತಳ 6 ಮೀಟರ್ ಉದ್ದ, 6 ಮೀಟರ್ ಅಗಲ, ಒಂದೂವರೆ ಮೀಟರ್ ನೀರು, ತಳದಲ್ಲಿ 45 ಸೆಂಟಿಮೀಟರ್ ಜೇಡಿ ಇರುವ ಹೊಂಡ. ಮಣ್ಣು ಆ ನಿಯಮದಷ್ಟು ಬಿಗಿಯಿದ್ದರೆ ತಳದಿಂದ ದಿನಕ್ಕೆ ಇಳಿಯುವುದು ಸುಮಾರು 13 ಲೀಟರ್, ಒಂದು ಕೊಡಪಾನ. ಬಿಗಿ ನೂರು ಪಟ್ಟು ಕಡಿಮೆಯಾದರೆ 1,300 ಲೀಟರಿಗೂ ಹೆಚ್ಚು. ನಮ್ಮ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಸಂದುಗೊಂದುಗಳು ಧಾರಾಳ. ಒಂದು ಕೊಡಪಾನವನ್ನು ನೆಲ ಜೀರ್ಣಿಸಿಕೊಂಡೀತು, ದಿನಕ್ಕೆ ನೂರು ಕೊಡಪಾನ ನೇರ ಬಾವಿಗೇ ಹೋದೀತು. 1974ರ ಜಲ ಮಾಲಿನ್ಯ ಕಾಯಿದೆಯ ಪ್ರಕಾರ ಮಲಿನ ದ್ರವವನ್ನು ಹೊಳೆಗೆ ಬಿಡುವುದು ಮಾತ್ರವಲ್ಲ, ಬಾವಿಗೆ, ನೆಲಕ್ಕೆ ಬಿಡುವುದೂ ತಪ್ಪು. ತಳದಿಂದ ಇಳಿದದ್ದು ನಮಗೆ ಕಾಣಲಿಲ್ಲ ಎಂಬ ಸಮಜಾಯಿಷಿ ನಡೆಯಲಾರದು.

ಪುಡಿಯ ಖರ್ಚಿನ ಲೆಕ್ಕವನ್ನೂ ಸಭೆಯಲ್ಲಿ ಯಾರೂ ಹಾಕಿರಲಿಲ್ಲ. ಮೇಲಿನ ಹೊಂಡದ ತಳ, ಬದಿ ಸೇರಿ 70 ಚದರ ಮೀಟರಿಗೆ 45 ಸೆಂಟಿಮೀಟರ್ ಮಣ್ಣೆಂದರೆ ಸುಮಾರು 52 ಟನ್. ಬೆಂಟೊನೈಟನ್ನು ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ 3ರಿಂದ 10ರವರೆಗೆ ಬೆರೆಸುತ್ತಾರೆ. ನೂರಕ್ಕೆ 5 ಎಂದರೂ 50 ಕಿಲೋದ 52 ಚೀಲ ಒಂದು ಸಣ್ಣ ಹೊಂಡಕ್ಕೆ ಬೇಕು. ನೂರಕ್ಕೆ 3ರಲ್ಲಿ ಸಾಕಾಗುವ ಮಣ್ಣಿಗೆ 5 ಹಾಕಿದರೆ ಇಪ್ಪತ್ತು ಚೀಲ ದಂಡ. 8 ಬೇಕಾದ ಮಣ್ಣಿಗೆ 5 ಹಾಕಿದರೆ ಐವತ್ತೆರಡೂ ದಂಡ. ಎರಡು ಎಕರೆಯವರಿಗೂ ಇಪ್ಪತ್ತು ಎಕರೆಯವರಿಗೂ ತಲಾ ಇಷ್ಟು ಚೀಲ ಎಂದು ಗೊಬ್ಬರ ಹಂಚಿದಂತೆ ಹಂಚುವ ವಸ್ತು ಇದಲ್ಲ.

ಹಾಗಾದರೆ ಪ್ಲಾಸ್ಟಿಕ್ ಹಾಳೆಯನ್ನೇ ಹಾಸಿಬಿಡೋಣ ಎನ್ನುವವರಿದ್ದಾರೆ. ಕೃಷಿಭಾಗ್ಯದ ಹೊಂಡಗಳಲ್ಲಿ ಹಾಳೆ ನೋಡಿದವರು ಹೀಗೆ ಹೇಳುವುದು ಸಹಜ. ಮಳೆನೀರಿನ ಹೊಂಡದ ಹಾಳೆ ಹರಿದರೆ ನೀರು ನಷ್ಟ, ಅಷ್ಟೆ. ಇಲ್ಲಿ ಹರಿದರೆ ಬಾವಿ ನಷ್ಟ. ಏಡಿ, ಇಲಿ, ನಾಯಿಯ ಉಗುರು, ಕೆಸರು ಎತ್ತುವ ಸಲಿಕೆ ಇವೆಲ್ಲ ಹಾಳೆಯ ಶತ್ರುಗಳು. ಕಸದ ನಿಯಮದಲ್ಲೇ ಹಾಳೆಯ ಕೆಳಗೆ ಮಣ್ಣು ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ಕೈಲಾದವರು ಎರಡನ್ನೂ ಮಾಡಲಿ, ಆಗದವರು ಮೊದಲು ಮಣ್ಣನ್ನು ಸರಿಯಾಗಿ ಮಾಡಲಿ.

ಮಣ್ಣನ್ನು ಸರಿಯಾಗಿ ಮಾಡುವುದರಲ್ಲಿ ಪುಡಿಗಿಂತ ಹದಕ್ಕೇ ಹೆಚ್ಚು ಪಾಲು ಎಂಬುದು ನಮ್ಮ ಅನುಭವ. ಕೆಸರುಗದ್ದೆ ಹೂಡಿ ತುಳಿದರೆ ನೀರು ನಿಲ್ಲುತ್ತದೆ. ಅದಕ್ಕೆ ಯಾರೂ ಪುಡಿ ಹಾಕಿದ್ದಿಲ್ಲ. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬವರು ದೋಣಿ ಕಾಲುವೆಗಳನ್ನು ತೋಡಿಸಿದಾಗ ತಳಕ್ಕೆ ಹಾಕಿದ್ದೂ ತುಳಿದು ನಾದಿದ ಜೇಡಿಯೇ. ಮಣ್ಣು ಒಣಗಿದ್ದಾಗ ಬಡಿದರೆ ಹೆಂಟೆಗಳ ನಡುವಿನ ಸಂದು ಹಾಗೇ ಉಳಿಯುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಉಂಡೆಯನ್ನು ಎಳೆದರೆ ಬತ್ತಿಯಾಗುವಷ್ಟು ಹಸಿ ಇರಬೇಕು, ಕೈಗೆ ಅಂಟಿ ಕೆಸರಾಗಬಾರದು. ಹದಿನೈದು ಸೆಂಟಿಮೀಟರಿಗಿಂತ ದಪ್ಪ ಹಾಕದೆ ಪದರ ಪದರವಾಗಿ ದಮ್ಮಸ್ಸು ಮಾಡಬೇಕು. ಮೇಲಿನ ಪದರ ಹಾಕುವ ಮೊದಲು ಕೆಳಗಿನದನ್ನು ಗೀರಬೇಕು, ಇಲ್ಲವಾದರೆ ಎರಡರ ನಡುವೆ ನೀರು ಓಡುತ್ತದೆ. ನಮ್ಮ ಕೆಮ್ಮಣ್ಣಿನ ಜೇಡಿ ಎರೆಯಷ್ಟು ಉಬ್ಬುವುದಿಲ್ಲ, ಹಾಗೆಯೇ ಅಷ್ಟು ಸೀಳುವುದೂ ಇಲ್ಲ. ಕಲ್ಲು, ಬೇರು ಆಯ್ದು ತೆಗೆದ ಕೆಮ್ಮಣ್ಣಿಗೆ ಮಿತವಾಗಿ ಬೆಂಟೊನೈಟ್ ಬೆರೆಸಿ, ಹದದಲ್ಲಿ ಬಡಿದದ್ದು ನಮ್ಮಂಥವರಿಗೆ ತಕ್ಕ ದಾರಿ. ಆಗ ಬಿಗಿಯ ಹೊಣೆಯೆಲ್ಲ ಉಬ್ಬುವಿಕೆಯ ತಲೆಯ ಮೇಲೆ ಬೀಳುವುದಿಲ್ಲ, ಕ್ಯಾಲ್ಸಿಯಂ ಬಂದರೂ ಹಾನಿ ಕಡಿಮೆ. ಪದರ ಮುಗಿದ ಕೂಡಲೇ ಕಾಫಿ ನೀರು ಬಿಡದೆ, ಮೊದಲು ಕೆಲವು ದಿನ ಶುದ್ಧ ನೀರು ಕುಡಿಸಬೇಕು. ಜೇಡಿ ಮೊದಲ ಸಲ ಉಬ್ಬುವುದು ಒಳ್ಳೆಯ ನೀರಿನಲ್ಲೇ ಆಗಬೇಕು. ಸುಣ್ಣವನ್ನು ಹೊಂಡಕ್ಕೆ ಎರಚುವುದನ್ನಂತೂ ಇಂದೇ ಬಿಡಬೇಕು. ಮೇಲೆ ಒಂದು ಸಣ್ಣ ಸಿಮೆಂಟು ತೊಟ್ಟಿಯಲ್ಲಿ ಸುಣ್ಣ ಕಲಸಿ, ಗಷ್ಟು ಕುಳಿತ ಮೇಲೆ ತಿಳಿಯನ್ನು ಹೊಂಡಕ್ಕೆ ಬಿಡಬೇಕು. ಇದರಿಂದ ಕ್ಯಾಲ್ಸಿಯಂ ಪೂರ್ತಿ ತಪ್ಪದು, ಕರಗದ ಸುಣ್ಣ ತಳಕ್ಕೆ ಕೂರುವುದಾದರೂ ತಪ್ಪೀತು. ಬೇಸಿಗೆಯಲ್ಲಿ ಹೊಂಡ ಬರಿದಾದಾಗ ಜೇಡಿಯ ಮೇಲೆ ಒಂದಡಿ ಸಾದಾ ಮಣ್ಣು, ಅದರ ಮೇಲೆ ದರಕು ಹಾಸಿ ಆಗಾಗ ನೀರು ಚಿಮುಕಿಸಬೇಕು. ತೋಟಕ್ಕೆ ಸೊಪ್ಪು ಹೊದೆಸುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಚೌಳು ಮಣ್ಣನ್ನೋ ಸೋಡಾ ಪುಡಿಯನ್ನೋ ಕಲಸಿದರಾಗದೆ ಎಂದು ಓದಿದವರು ಕೇಳಿಯಾರು. ಅಮೆರಿಕದಲ್ಲಿ ಸೋರುವ ಕೆರೆಗೆ ಸೋಡಾ ಬೆರೆಸುವ ಪದ್ಧತಿ ಇದೆ. ಆದರೆ ಸುಣ್ಣದ ನೀರು ಅದನ್ನೂ ಕೆಡಿಸುತ್ತದೆ, ಮೇಲಾಗಿ ಕೆಳಗೆ ತೋಟವಿರುವಲ್ಲಿ ಸೋಡಿಯಂ ಸುರಿಯುವುದು ನಮಗೆ ಒಪ್ಪಿಗೆಯಿಲ್ಲ.

ಆದ್ದರಿಂದ ಸಂಘದ ದುಡ್ಡು ಈ ಹಂಗಾಮಿನಲ್ಲಿ ಪುಡಿಗೆ ಹೋಗದೆ ಪರೀಕ್ಷೆಗೆ ಹೋಗಬೇಕೆಂಬುದು ನಮ್ಮ ಮತ. ಮಣ್ಣಿನಲ್ಲಿ ನೀರು ಇಳಿಯುವ ವೇಗ ಅಳೆಯುವ ಪರೀಕ್ಷೆ ಸಿವಿಲ್ ಇಂಜಿನಿಯರಿಂಗ್ ಕಲಿಸುವ ಕಾಲೇಜುಗಳ ಮಣ್ಣು ಪ್ರಯೋಗಾಲಯದ ದಿನನಿತ್ಯದ ಕೆಲಸ, ಮತ್ತು ಹುಬ್ಬಳ್ಳಿ-ಧಾರವಾಡದಲ್ಲಿ ಅಂಥ ಕಾಲೇಜುಗಳಿಗೆ ಕೊರತೆಯಿಲ್ಲ. ನಾವು ಕೇಳಬೇಕಾದ್ದು ಇಷ್ಟೆ: ಪರೀಕ್ಷೆಯನ್ನು ನಲ್ಲಿ ನೀರಿನಲ್ಲಿ ಒಮ್ಮೆ, ನಮ್ಮದೇ ಸುಣ್ಣ ಹಾಕಿದ ಪಲ್ಪಿಂಗ್ ನೀರಿನಲ್ಲಿ ಒಮ್ಮೆ, ಚೊಗರಿನಲ್ಲಿ ಒಮ್ಮೆ ಮಾಡಬೇಕು, ಪುಡಿ ಇಲ್ಲದೆ, ನೂರಕ್ಕೆ 3, 5, 8 ಹೀಗೆ ಬೆರೆಸಿ ನೋಡಬೇಕು. ಒಂದೇ ಕಣಿವೆಯ ಹತ್ತು ತೋಟಗಳ ಮಣ್ಣು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಪ್ರತಿ ಮನೆಗೂ ಪರೀಕ್ಷೆ ಬೇಕಾಗಿಲ್ಲ, ಕಣಿವೆಗೊಂದು ಸಾಕು. ಒಬ್ಬೊಬ್ಬರೇ ಹೋದರೆ ಭಾರವಾಗುವ ಖರ್ಚು ಹತ್ತು ಮನೆಗೆ ಹಂಚಿದರೆ ಭಾರವಲ್ಲ. ಸಹಕಾರ ಸಂಘ ಇರುವುದೇ ಇದಕ್ಕೆ. ಫಲಿತಾಂಶ ಬಂದ ಮೇಲೆ ಯಾವ ಕಣಿವೆಗೆ ಎಷ್ಟು ಚೀಲ ಎಂಬ ಪಟ್ಟಿ ಹಿಡಿದು ಅದೇ ಪುಡಿಯನ್ನು ಸಗಟು ದರದಲ್ಲಿ ತರಿಸಲು ನಾವೇ ಲಕಮನಹಳ್ಳಿಗೆ ಮತ್ತೆ ಹೋಗುತ್ತೇವೆ.

ಸೂಚನೆ ತಂದ ಸದಸ್ಯರಲ್ಲಿ ಒಬ್ಬರು, ನಿಮ್ಮ ಹೊಂಡ ಸೋರಿತೆಂದು ನಮ್ಮೆಲ್ಲರ ಕೆಲಸ ನಿಲ್ಲಿಸುತ್ತೀರಾ ಎಂದು ಕೇಳಿದ್ದಾರೆ. ಹೌದು, ಒಂದು ಹಂಗಾಮಿನ ಮಟ್ಟಿಗೆ ನಿಲ್ಲಿಸಿರೆಂದೇ ಕೇಳುತ್ತಿದ್ದೇವೆ. ಅಲ್ಲಿಯವರೆಗೆ ಈಗಾಗಲೇ ಸೋರುತ್ತಿರುವ ಹೊಂಡದವರು ಪಲ್ಪ್ ಮಾಡದೆ ಹಣ್ಣನ್ನು ಚೆರ್ರಿಯಾಗಿಯೇ ಒಣಗಿಸಿದರೆ ದರದಲ್ಲಿ ಕೊಂಚ ಕಡಿಮೆಯಾದೀತು. ಆ ನಷ್ಟವನ್ನು ಸಂಘ ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಇಡುತ್ತೇವೆ.

ಮಣ್ಣಿನ ಮಾದರಿ ಕೊಡುವವರು ಹೊಂಡ ತೋಡಿದ ಆಳದಿಂದ ಇಪ್ಪತ್ತು ಕಿಲೋ ಮಣ್ಣನ್ನು ಗೋಣಿಚೀಲದಲ್ಲಿ ತಂದು, ಹೆಸರು ಮತ್ತು ಕಣಿವೆಯ ಹೆಸರನ್ನು ಚೀಟಿಯಲ್ಲಿ ಬರೆದು ಸಂಘದ ಗೋದಾಮಿನಲ್ಲಿ ಇಡಬೇಕು. ಮೇಲ್ಮಣ್ಣು ಬೇಡ, ಅದರಲ್ಲಿ ಗೊಬ್ಬರದ ಅಂಶವಿರುತ್ತದೆ. ಚೊಗರು ಕೊಡುವವರು ಪ್ಲಾಸ್ಟಿಕ್ ಕ್ಯಾನಿನಲ್ಲಿ ಬಾಯಿವರೆಗೆ ತುಂಬಿ ಮುಚ್ಚಿ ತರಬೇಕು. ಪಲ್ಪಿಂಗ್ ನೀರನ್ನು ಈಗಲೇ ತರಬೇಡಿ, ನಿಂತರೆ ಅದರ ಗುಣವೇ ಬದಲಾಗುತ್ತದೆ. ಹಣ್ಣು ಕೊಯ್ಲು ಶುರುವಾದ ವಾರದಲ್ಲಿ ಸಂಘದವರೇ ಬಂದು ಒಯ್ಯುತ್ತಾರೆ.